ಬಾಟಲಿ ಒಡೆಯದೆ, ಸೋರದೆ ಊರು ಮುಟ್ಟಲು: ಜೇನು, ಮಿಡಿ ಉಪ್ಪಿನಕಾಯಿ, ವೈನ್ ಪ್ಯಾಕ್ ಮಾಡುವ ಬಗೆ

ಮಲೆನಾಡಿನ ಮನೆಯಿಂದ ಯಾರಾದರೂ ದೂರದೂರಿಗೆ ಹೊರಟರೆ ಬ್ಯಾಗಿನಲ್ಲಿ ಒಂದಾದರೂ ಬಾಟಲಿ ಇದ್ದೇ ಇರುತ್ತದೆ. ಮಗಳ ಬಾಣಂತನಕ್ಕೆ ಅಮೆರಿಕದ ವಿಮಾನ ಹತ್ತುವ ಅಮ್ಮನ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ, ಹಬ್ಬ ಮುಗಿಸಿ ಬೆಂಗಳೂರಿನ ಪಿ.ಜಿ.ಗೆ ವಾಪಸಾಗುವ ಹುಡುಗನ ಹತ್ತಿರ ತುಡುವೆ ಜೇನು, ಆಲೆಮನೆ ಕಾಲದಲ್ಲಾದರೆ ಜೋನಿಬೆಲ್ಲ. ಈಚೆಗೆ ಈ ಸಾಲಿಗೆ ಇನ್ನೊಂದು ಸೇರಿದೆ. ರಿಟೈರಾದ ಮೇಲೆ ಮುಂಬೈಯಿಂದಲೋ ಸಿಂಗಪುರದಿಂದಲೋ ಕ್ರೂಸ್ ಹಡಗು ಹತ್ತುವ ದಂಪತಿಗಳು ಶಿವಮೊಗ್ಗದಲ್ಲೂ ಸಿಗುತ್ತಾರೆ. ಮದುವೆಯ ವಾರ್ಷಿಕೋತ್ಸವಕ್ಕೆ ಒಂದು ವೈನ್ ಬಾಟಲಿ ಜೊತೆಗಿರಲಿ ಎಂದು ಅವರಲ್ಲಿ ಕೆಲವರಿಗೆ ಆಸೆ.

ಒಳಗಿನ ಪದಾರ್ಥ ಯಾವುದೇ ಇರಲಿ, ಕಟ್ಟುವ ಕ್ರಮ ಒಂದೇ. ಆದರೆ ಹೆಚ್ಚಿನವರು ತಪ್ಪು ಶತ್ರುವಿನ ವಿರುದ್ಧ ತಯಾರಿ ಮಾಡಿಕೊಳ್ಳುತ್ತಾರೆ. ಬ್ಯಾಗು ಮೇಲಿಂದ ಬಿದ್ದು ಬಾಟಲಿ ಚೂರಾಗುತ್ತದೆ ಎಂಬ ಭಯದಲ್ಲಿ ಹಳೆ ಸೀರೆ, ಟವೆಲ್ ಎಲ್ಲ ಸುತ್ತುತ್ತಾರೆ. ಆಮೇಲೆ ಅಂಥ ಎರಡು ಬಾಟಲಿಗಳನ್ನು ಒಂದಕ್ಕೊಂದು ತಾಗಿಸಿ ಇಡುತ್ತಾರೆ. ಗಾಜು ಒಡೆಯುವುದು ಬಹುಪಾಲು ಇನ್ನೊಂದು ಗಾಜಿಗೆ ತಾಗಿ, ಇಲ್ಲವೇ ಸೂಟ್‌ಕೇಸಿನ ಗೋಡೆಗೆ ಮತ್ತೆ ಮತ್ತೆ ಬಡಿದು. ಒಡೆಯುವುದಕ್ಕಿಂತ ಹೆಚ್ಚು ಸಲ ಆಗುವುದು ಸೋರಿಕೆ. ಬಾಟಲಿ ಗಟ್ಟಿಯಾಗೇ ಇರುತ್ತದೆ, ಮುಚ್ಚಳದ ಸಂದಿನಿಂದ ಖಾರದ ಎಣ್ಣೆ ಜಿನುಗಿ ರೇಷ್ಮೆ ಸೀರೆಯ ಸೆರಗು ಮುಟ್ಟಿರುತ್ತದೆ. ಹಾಗಾಗಿ ಎರಡೇ ಗುರಿ ಇಟ್ಟುಕೊಳ್ಳಿ: ಬಾಟಲಿ ಅಲ್ಲಾಡಬಾರದು, ಸೋರಿದರೂ ಸೋರಿದ್ದು ಹೊರಗೆ ಬರಬಾರದು.

ಬಾಟಲಿ ಆರಿಸುವುದು

ವೈನಿನ ವಿಷಯದಲ್ಲಿ ಆಯ್ಕೆ ನಮ್ಮ ಕೈಯಲ್ಲಿಲ್ಲ, ಬಂದ ಬಾಟಲಿಯೇ ಗತಿ. ಆದರೂ ಅಂಗಡಿಯಲ್ಲಿ ಎರಡು ಸಿಕ್ಕರೆ ಕಾರ್ಕಿನದಕ್ಕಿಂತ ತಿರುಪಿನ ಮುಚ್ಚಳದ್ದನ್ನು ಆರಿಸಿ. ಪ್ರಯಾಣಕ್ಕೆ ಅದೇ ವಾಸಿ, ಕಾರ್ಕ್ ತೆಗೆಯುವ ಸಾಧನ ಹುಡುಕುವ ಗೋಳೂ ಇಲ್ಲ. ಶಾಂಪೇನಿನಂಥ ಗುಳ್ಳೆ ಏಳುವ ವೈನ್ ಬಾಟಲಿಯೊಳಗೆ ಹೊರಗಿನ ಗಾಳಿಗಿಂತ ಐದಾರು ಪಟ್ಟು ಒತ್ತಡವಿರುತ್ತದೆ. ಅದಕ್ಕೆಂದೇ ಅದರ ಗಾಜು ದಪ್ಪ, ಬಿರಡೆಗೆ ತಂತಿಯ ಕಟ್ಟು. ಬಾಟಲಿ ಗಟ್ಟಿಯೇ, ಆದರೆ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಇಡುವ ಸಾಹಸ ಬೇಡ.

ಜೇನು, ಉಪ್ಪಿನಕಾಯಿಗೆ ನಾವೇ ಬಾಟಲಿ ಆರಿಸುವುದರಿಂದ ಸ್ವಲ್ಪ ತಲೆ ಓಡಿಸಬಹುದು. ಒಂದು ಲೀಟರಿನ ಒಂದೇ ಬಾಟಲಿಗಿಂತ ಕಾಲು ಕಾಲು ಲೀಟರಿನ ಚಿಕ್ಕವು ಮೇಲು. ಅಗಲ ಬಾಯಿಯ, ಕುಳ್ಳನೆಯ, ದುಂಡು ಬಾಟಲಿ ಉದ್ದ ಕತ್ತಿನದಕ್ಕಿಂತ ಬಾಳಿಕೆ. ಒಡೆಯುವಾಗ ಮೊದಲು ಹೋಗುವುದು ಕತ್ತು ಭುಜ ಸೇರುವ ಜಾಗವೇ. ಚೌಕ ಬಾಟಲಿ ನೋಡಲು ಚಂದ, ಒಂದರ ಪಕ್ಕ ಒಂದು ಹೊಂದಿ ಕೂರುತ್ತದೆ. ಆದರೆ ಪೆಟ್ಟು ಬಿದ್ದಾಗ ಅದರ ಮೂಲೆ ತಾಳುವುದಿಲ್ಲ. ನಿಜ ಹೇಳಬೇಕೆಂದರೆ ಮಿಡಿ ಉಪ್ಪಿನಕಾಯಿಗೆ ಗಾಜೇ ಬೇಕೆಂದಿಲ್ಲ. ಮನೆಯಲ್ಲಿ ವರ್ಷವಿಡೀ ಭರಣಿಯಲ್ಲಿ ಇಡುವುದು ಸರಿ, ಎರಡು ದಿನದ ಪ್ರಯಾಣಕ್ಕೆ ಆಹಾರಕ್ಕೆ ಯೋಗ್ಯವಾದ ದಪ್ಪ ಪ್ಲಾಸ್ಟಿಕ್ ಡಬ್ಬಿ ಸಾಕು. ತಲುಪಿದ ಮೇಲೆ ಗಾಜಿಗೆ ಬದಲಾಯಿಸಿಕೊಂಡರಾಯಿತು. ಸ್ಟೀಲ್ ಡಬ್ಬಿಯಲ್ಲಿ ಸಾರು ಕೊಂಡೊಯ್ದ ಅಭ್ಯಾಸದಲ್ಲಿ ಉಪ್ಪಿನಕಾಯಿಯನ್ನೂ ಅದಕ್ಕೇ ಹಾಕುವವರಿದ್ದಾರೆ. ಅದರ ಮುಚ್ಚಳ ಬಿಗಿಯಿದ್ದಂತೆ ಕಾಣುತ್ತದೆ, ಮಲಗಿಸಿದರೆ ಬಣ್ಣ ಬಯಲಾಗುತ್ತದೆ.

ತೂಕವನ್ನೂ ಲೆಕ್ಕ ಹಾಕಿ. ಒಂದು ಲೀಟರ್ ಜೇನು ಒಂದು ಕಿಲೋ ಅಲ್ಲ, ಸುಮಾರು 1.4 ಕಿಲೋ. 750 ಮಿಲಿಯ ವೈನ್ ಬಾಟಲಿ ಗಾಜು ಸೇರಿ 1.2ರಿಂದ 1.4 ಕಿಲೋ ತೂಗುತ್ತದೆ. ದೇಶದೊಳಗಿನ ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೆ ಸಾಮಾನ್ಯವಾಗಿ 15 ಕಿಲೋ ಮಿತಿ. ಮೂರು ಜೇನು, ಒಂದು ವೈನ್ ಇಟ್ಟರೆ ಮೂರರಲ್ಲೊಂದು ಭಾಗ ಅಲ್ಲಿಗೇ ಮುಗಿಯಿತು. "ಅಮ್ಮ, ಎರಡು ಬಾಟ್ಲಿ ಸಾಕು ಮಾರಾಯ್ತಿ" ಎಂದು ಮಕ್ಕಳು ಫೋನಿನಲ್ಲಿ ಗೋಗರೆಯುವುದು ಸುಮ್ಮನಲ್ಲ.

ತುಂಬುವುದು, ಮುಚ್ಚುವುದು

ಕೆಲಸದ ಮುಕ್ಕಾಲು ಪಾಲು ಇರುವುದು ಇಲ್ಲೇ.

ತುಂಬುವ ಮೊದಲು ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಮಳೆಗಾಲವಾದರೆ ಒಲೆಯ ಹತ್ತಿರ ಇಟ್ಟು ತೇವ ಪೂರ್ತಿ ಆರಿಸಿ. ಬಾಯಿಯವರೆಗೆ ತುಂಬಬೇಡಿ, ಒಂದು ಬೆರಳಿನಷ್ಟು ಜಾಗ ಬಿಡಿ. ಘಟ್ಟದ ಮೇಲಿನ ತಂಪಿನಿಂದ ಕರಾವಳಿಯ ಧಗೆಗೆ ಇಳಿದಾಗ ಒಳಗಿನದು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಮುಚ್ಚಳವನ್ನೇ ದೂಡುತ್ತದೆ. ಉಪ್ಪಿನಕಾಯಿಯಾದರೆ ಮೇಲಿನ ಮಿಡಿ ಹೊರಗೆ ಇಣುಕದಂತೆ ಒತ್ತಿ ಕೂರಿಸಿ.

ನಮ್ಮ ಕಡೆಯ ತುಡುವೆ ಜೇನಿನ ಬಗ್ಗೆ ಒಂದು ಎಚ್ಚರಿಕೆ. ಮಲೆನಾಡಿನ ಗಾಳಿಯಲ್ಲಿ ತೇವ ಹೆಚ್ಚು, ಆದ್ದರಿಂದ ಇಲ್ಲಿನ ಜೇನಿನಲ್ಲಿ ನೀರಿನಂಶವೂ ಹೆಚ್ಚು. ಮಾರುಕಟ್ಟೆಯ ಜೇನಿಗೆ ಆಹಾರ ಸುರಕ್ಷತಾ ನಿಯಮದಲ್ಲಿರುವ ಮಿತಿ ಶೇ 20. ಗೂಡಿನ ತತ್ತಿಗೆ ಹುಳುಗಳು ಮೇಣ ಮುಚ್ಚುವ ಮೊದಲೇ ತೆಗೆದ ಜೇನು ಈ ಮಿತಿ ದಾಟಿರುವುದು ಸಾಮಾನ್ಯ. ಇಂಥ ಜೇನು ಕೆಲವು ದಿನಕ್ಕೆ ಹುಳಿಯಾಗಲು ಶುರುವಾಗಿ ಒಳಗೇ ಗ್ಯಾಸ್ ಕಟ್ಟುತ್ತದೆ. ಮೇಲೆ ನೊರೆಯ ಪದರ ಕಂಡರೆ, ಮುಚ್ಚಳ ತೆಗೆದಾಗ ಪುಸ್ಸೆಂದರೆ ಅಂಥದ್ದನ್ನು ಕಳಿಸಲೇಬೇಡಿ, ಮನೆಯಲ್ಲೇ ಬಳಸಿ ಮುಗಿಸಿ. ಹೊಸದಾಗಿ ಹಾಕಿ ಇನ್ನೂ ಹದಕ್ಕೆ ಬರುತ್ತಿರುವ ಉಪ್ಪಿನಕಾಯಿಯೂ ಹೀಗೆ ಉಕ್ಕುವುದುಂಟು. ಹೋದ ವರ್ಷದ ಭರಣಿಯದ್ದು ಪ್ರಯಾಣಕ್ಕೂ ಒಳ್ಳೆಯದು, ರುಚಿಗೂ ಒಳ್ಳೆಯದು.

ತುಂಬಿದ ಮೇಲೆ ಬಾಟಲಿಯ ಬಾಯಂಚನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಅಲ್ಲಿ ಎಣ್ಣೆಯ ಪಸೆ ಉಳಿದರೆ ಎಷ್ಟು ಬಿಗಿ ಮಾಡಿದರೂ ಮುಚ್ಚಳ ಜಾರುತ್ತದೆ, ಟೇಪೂ ಹಿಡಿಯುವುದಿಲ್ಲ. ಬಾಯಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯ ಎರಡು ಪದರ ಇಟ್ಟು ಅದರ ಮೇಲೆ ಮುಚ್ಚಳ ತಿರುಗಿಸಿ. ಉಪ್ಪಿನಕಾಯಿಯ ಹುಳಿ, ಉಪ್ಪು ಲೋಹದ ಮುಚ್ಚಳವನ್ನು ತಿನ್ನುವುದನ್ನೂ ಇದು ತಡೆಯುತ್ತದೆ. ಆಮೇಲೆ ಟೇಪ್. ಮುಚ್ಚಳದ ಅಂಚಿನ ಮೇಲೆ, ಮುಚ್ಚಳ ಬಿಗಿಯಾಗುವ ದಿಕ್ಕಿನಲ್ಲೇ ಎಳೆದು ಸುತ್ತಿ. ವಿರುದ್ಧ ದಿಕ್ಕಿಗೆ ಸುತ್ತಿದರೆ ನಾವೇ ಸಡಿಲ ಮಾಡಿದ ಹಾಗೆ.

ಇನ್ನು ಪರೀಕ್ಷೆ. ಹೊರಡುವ ದಿನಕ್ಕೆ ಎರಡು ದಿನ ಮುಂಚೆ, ಟೇಪ್ ಸುತ್ತುವ ಮೊದಲೇ, ಬಾಟಲಿಯನ್ನು ತಲೆಕೆಳಗಾಗಿ ದಿನಪತ್ರಿಕೆಯ ಮೇಲೆ ರಾತ್ರಿಯಿಡೀ ನಿಲ್ಲಿಸಿ. ಬೆಳಗ್ಗೆ ಎತ್ತಿ ನೋಡಿ. ಕಾಗದ ಒಣಗಿದ್ದರೆ ಪಾಸು. ಮುಚ್ಚಳದ ಅಳತೆಗೆ ಸರಿಯಾಗಿ ಎಣ್ಣೆಯ ತೆಳು ಉಂಗುರ ಮೂಡಿದ್ದರೆ, ಕೂದಲೆಳೆಯಷ್ಟೇ ಇದ್ದರೂ, ಆ ಮುಚ್ಚಳ ಬೇಡ. ಬೇರೆ ಬಾಟಲಿಗೆ ಬದಲಾಯಿಸಿ. ಜೇನು ನಿಧಾನಕ್ಕೆ ಇಳಿಯುವುದರಿಂದ ಅದಕ್ಕೆ ಒಂದು ಹಗಲನ್ನೂ ಸೇರಿಸಿ ಕೊಡಿ. ಈ ಒಂದು ಪರೀಕ್ಷೆ ಮಾಡಿದವರಿಗೆ ಮುಂದಿನ ಎಲ್ಲ ಸುತ್ತುವಿಕೆಯೂ ಬರೀ ಮುಂಜಾಗ್ರತೆ.

ಸುತ್ತುವುದು

ಮೊದಲ ಪದರ ಪ್ಲಾಸ್ಟಿಕ್, ಬಟ್ಟೆಯಲ್ಲ. ಜಿಪ್ ಇರುವ ದಪ್ಪ ಕವರಿನಲ್ಲಿ ಬಾಟಲಿ ಇಟ್ಟು, ಗಾಳಿ ಒತ್ತಿ ತೆಗೆದು ಮುಚ್ಚಿ. ಆ ಕವರನ್ನು ಇನ್ನೊಂದರಲ್ಲಿ ಬಾಯಿ ತಿರುವುಮುರುವಾಗಿ ಇಡಿ. ಒಳಗಿನ ಕವರಿಗೆ ಒಂದಿಷ್ಟು ಟಿಶ್ಯೂ ಕಾಗದವನ್ನೋ ಮಗುವಿನ ಡೈಪರನ್ನೋ ಸುತ್ತಿಟ್ಟರೆ ಜಿನುಗಿದ್ದನ್ನು ಅದು ಹೀರಿಕೊಳ್ಳುತ್ತದೆ. ಡೈಪರ್ ಎಂದರೆ ನಗಬೇಡಿ. ವೈನ್ ಬಾಟಲಿಗೆ ಸುತ್ತಲು ಅದರಷ್ಟು ಸರಿಯಾದ ವಸ್ತು ಅಂಗಡಿಯಲ್ಲಿ ಇನ್ನೊಂದಿಲ್ಲ: ಮೆತ್ತಗೂ ಇದೆ, ಹೀರುತ್ತದೆ, ಅಂಟಿಸಲು ಪಟ್ಟಿಯೂ ಇದೆ.

ಎರಡನೆಯ ಪದರ ಮೆತ್ತೆ. ಬಬಲ್ ಶೀಟ್ ಸಿಕ್ಕರೆ ಗುಳ್ಳೆ ಒಳಮುಖವಾಗಿರುವಂತೆ ಎರಡು ಸುತ್ತು ಹಾಕಿ. ಸಿಗದಿದ್ದರೆ ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಹಣ್ಣಿನ ಅಂಗಡಿಯವರನ್ನು ಕೇಳಿ. ಸೇಬಿಗೆ, ಪಪ್ಪಾಯಿಗೆ ತೊಡಿಸಿ ಬರುವ ಬಿಳಿ ಫೋಮಿನ ಬಲೆಯನ್ನು ಅವರು ಮೂಟೆಗಟ್ಟಲೆ ಬಿಸಾಡುತ್ತಾರೆ. ಪಪ್ಪಾಯಿಯ ಬಲೆ ಜೇನಿನ ಬಾಟಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಎರಡನ್ನು ಒಂದರ ಮೇಲೊಂದು ತೊಡಿಸಿ.

ಮೂರನೆಯ ಪದರಕ್ಕೆ ನಿಮ್ಮದೇ ಬಟ್ಟೆ. ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಬಾಟಲಿಯನ್ನು ಒಂದು ಮೂಲೆಯಿಂದ ಓರೆಯಾಗಿ ಇಟ್ಟು ಉರುಳಿಸುತ್ತ ಹೋಗಿ. ಅರ್ಧ ಉರುಳಿಸಿದಾಗ ಬುಡದ ಕಡೆಯ ತುದಿಯನ್ನೂ ಕತ್ತಿನ ಕಡೆಯ ತುದಿಯನ್ನೂ ಒಳಕ್ಕೆ ಮಡಚಿ ಮತ್ತೆ ಉರುಳಿಸಿ. ವೈನ್ ಬಾಟಲಿಯಾದರೆ ಕತ್ತಿನ ಸುತ್ತ ಮೊದಲೇ ಕಾಲುಚೀಲ ಸುತ್ತಿ, ಕತ್ತೂ ಹೊಟ್ಟೆಯೂ ಒಂದೇ ದಪ್ಪವಾಗುವಂತೆ ಮಾಡಿಕೊಳ್ಳಿ. ಇಲ್ಲದಿದ್ದರೆ ಕತ್ತಿನ ಸುತ್ತ ಪೊಳ್ಳು ಉಳಿದು, ಮೇಲೆ ಭಾರ ಬಿದ್ದಾಗ ಅಲ್ಲೇ ಮುರಿಯುತ್ತದೆ.

ಅಡಿಕೆ ಹಾಳೆ, ಒಣ ಬಾಳೆಪಟ್ಟೆ, ಭತ್ತದ ಹುಲ್ಲು ನಮ್ಮ ಮನೆಗಳಲ್ಲಿ ಧಾರಾಳ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಬಾಟಲಿಗೆ ಸುತ್ತಿ ದಾರ ಕಟ್ಟಿ ಒಣಗಲು ಬಿಟ್ಟರೆ ಗಟ್ಟಿ ಚಿಪ್ಪಾಗುತ್ತದೆ. ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸುವ ಪಾರ್ಸೆಲಿಗೆ ಇದಕ್ಕಿಂತ ಅಗ್ಗದ, ಗಟ್ಟಿಯ ಹೊದಿಕೆ ಬೇಕಿಲ್ಲ. ಆದರೆ ವಿದೇಶಕ್ಕೆ ಹೋಗುವ ಪೆಟ್ಟಿಗೆಗೆ ಇವನ್ನು ಮುಟ್ಟಿಸಲೂಬೇಡಿ. ಹುಲ್ಲು, ಹೊಟ್ಟು, ಒಣ ಎಲೆಗಳ ಜೊತೆ ಕೀಟ, ರೋಗ ಬರುತ್ತದೆಂದು ಅನೇಕ ದೇಶಗಳ ಸಸ್ಯ ಕ್ವಾರಂಟೈನ್‌ನವರು ಅವನ್ನು ತಡೆಯುತ್ತಾರೆ. ಹುಲ್ಲಿನ ಕಾರಣಕ್ಕೆ ಉಪ್ಪಿನಕಾಯಿಯೂ ಹೋಗಬಾರದಲ್ಲ.

ಪೆಟ್ಟಿಗೆಯೊಳಗೆ ಜಾಗ

ಗಟ್ಟಿ ಮೈಯ ಸೂಟ್‌ಕೇಸ್ ಬಟ್ಟೆಯದಕ್ಕಿಂತ ಮೇಲು. ತಳದಲ್ಲಿ ಒಂದು ಪದರ ಬಟ್ಟೆ, ಅದರ ಮೇಲೆ ನಟ್ಟ ನಡುವೆ ಬಾಟಲಿಗಳು, ಎಲ್ಲ ಗೋಡೆಯಿಂದಲೂ ನಾಲ್ಕು ಬೆರಳಾದರೂ ದೂರ. ಸೂಟ್‌ಕೇಸನ್ನು ನಿಲ್ಲಿಸಿದಾಗ ಕೆಳಗೆ ಬರುವ ಗಾಲಿಯ ಕಡೆಗೆ ಭಾರದ ಬಾಟಲಿ ಇರಲಿ, ಆದರೆ ಗಾಲಿಯ ಗೂಡಿಗೆ ಒರಗಿಸಬೇಡಿ. ಒಳಗಡೆ ಉಬ್ಬಿಕೊಂಡಿರುವ ಆ ಗೂಡೇ ಸುತ್ತಿಗೆಯ ಕೆಲಸ ಮಾಡುತ್ತದೆ. ಎರಡು ಬಾಟಲಿಗಳ ನಡುವೆ ಮಡಿಸಿದ ಜೀನ್ಸ್‌ನಂಥ ದಪ್ಪ ಬಟ್ಟೆ ಬರಲೇಬೇಕು. ಹಲಸಿನ ಹಪ್ಪಳದ ಕಟ್ಟನ್ನು ಖಾಲಿ ಜಾಗ ತುಂಬಲು ತುರುಕುವವರಿದ್ದಾರೆ. ಬಾಟಲಿ ಉಳಿಯುತ್ತದೆ, ಹಪ್ಪಳ ಪುಡಿಯಾಗುತ್ತದೆ. ಕಾಗದದಷ್ಟು ತೆಳುವಾದ ಸಿಹಿ ತಿಂಡಿ ತೊಡೆದೇವು ಇದ್ದರಂತೂ ಕೈಚೀಲದಲ್ಲೇ ಇರಲಿ.

ಮುಚ್ಚಿದ ಮೇಲೆ ಎತ್ತಿ, ಎಡಕ್ಕೆ ಬಲಕ್ಕೆ ಜೋರಾಗಿ ಅಲ್ಲಾಡಿಸಿ. ಒಳಗೆ ಏನಾದರೂ ಸರಿದ ಅನುಭವವಾದರೆ ಬಿಚ್ಚಿ ಮತ್ತೆ ತುಂಬಿ.

ಬಾಟಲಿ ಜಾಸ್ತಿಯಿದ್ದರೆ ಬೇರೆ ಪೆಟ್ಟಿಗೆಯೇ ಸರಿ. ವೈನ್ ಶಾಪಿನವರು ಹನ್ನೆರಡು ಖಾನೆಯ ಖಾಲಿ ರಟ್ಟಿನ ಡಬ್ಬವನ್ನು ಕೇಳಿದರೆ ಕೊಡುತ್ತಾರೆ. ಆ ಅಡ್ಡ ತಡಿಕೆಗಳೇ ಗಾಜನ್ನು ಗಾಜಿನಿಂದ ದೂರ ಇಡುತ್ತವೆ. ಡಬ್ಬದ ಮೇಲಿನ ಬ್ರಾಂಡಿನ ಹೆಸರು ನೋಡಿ ಬೀಗರು ಹುಬ್ಬೇರಿಸಿದರೆ ಮೇಲೊಂದು ಕಾಗದ ಅಂಟಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ರಟ್ಟನ್ನು ಪೂರ್ತಿ ನಂಬಬೇಡಿ. ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಮಳೆಗಾಲದ ಥಂಡಿಯಲ್ಲಿ ಒಂದು ವಾರ ಇಟ್ಟ ರಟ್ಟು ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಕುಡಿದು ಮೆತ್ತಗಾಗಿರುತ್ತದೆ. ಎತ್ತಿದರೆ ತಳ ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬವನ್ನು ಹೊರಡುವ ದಿನವೇ ತನ್ನಿ, ತಳಕ್ಕೆ ಅಡ್ಡ ಉದ್ದ ಎರಡೂ ಕಡೆ ಟೇಪ್ ಹಾಕಿ, ಹೊರಗೆ ಪ್ಲಾಸ್ಟಿಕ್ ಸುತ್ತಿ.

ಬಸ್ಸು, ರೈಲು, ಕಾರು

ಬಸ್ಸಿನ ಡಿಕ್ಕಿಗೆ ಹಾಕುವುದಾದರೆ ಬಾಟಲಿಯ ಪೆಟ್ಟಿಗೆಯನ್ನು ಕೊನೆಯಲ್ಲಿ, ಎಲ್ಲರ ಲಗೇಜಿನ ಮೇಲೆ ಇಡಿಸಿ. "ಗಾಜು" ಎಂದು ಕೆಂಪಕ್ಷರದಲ್ಲಿ ಬರೆಯುವುದರಿಂದ ನಷ್ಟವಿಲ್ಲ, ಅದನ್ನು ಓದುತ್ತಾರೆಂದು ನಂಬಿ ಕೂರಬೇಡಿ. ರೈಲಿನಲ್ಲಿ ಸೀಟಿನ ಕೆಳಗೆ ಇಟ್ಟುಕೊಳ್ಳುವುದೇ ಕ್ಷೇಮ, ಮೇಲಿನ ಬರ್ತಿನಲ್ಲಿ ಬೇಡ.

ಕಾರಿನಲ್ಲಿ ಮಂಗಳೂರು, ಉಡುಪಿ ಕಡೆ ಇಳಿಯುವವರು ಘಟ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಆಗುಂಬೆಯಲ್ಲಿ 14 ಹಿಮ್ಮುರಿ ತಿರುವುಗಳಿವೆ, ಹುಲಿಕಲ್ ಘಾಟಿಯೂ ಅದಕ್ಕೇನು ಕಡಿಮೆಯಿಲ್ಲ. ಡಿಕ್ಕಿಯಲ್ಲಿ ನಿಲ್ಲಿಸಿಟ್ಟ ಬಾಟಲಿ ಎರಡನೇ ತಿರುವಿಗೇ ಮಲಗುತ್ತದೆ, ಮೂರನೆಯದಕ್ಕೆ ಆಚೆ ಬದಿಗೆ ಉರುಳುತ್ತದೆ. ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ಕಂಬಳಿಯ ನಡುವೆ ಸಿಕ್ಕಿಸಿಡಿ. ವೈನಿಗೆ ಬಿಸಿಲೂ ಆಗದು, ಕಾರು ನಿಲ್ಲಿಸಿ ಊಟಕ್ಕೆ ಹೋಗುವಾಗ ಅದನ್ನು ಜೊತೆಗೇ ಒಯ್ಯುವುದು ಒಳ್ಳೆಯದು. ರಾಜ್ಯ ದಾಟುವಾಗ ಅಬಕಾರಿ ನಿಯಮ ಬದಲಾಗುತ್ತದೆ ಎಂಬುದೂ ನೆನಪಿರಲಿ. ಗೋವಾದಿಂದ ಕಾರವಾರದ ಕಡೆ ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ನೋಡುತ್ತಾರೆ. ಗುಜರಾತ್, ಬಿಹಾರಗಳಲ್ಲಿ ಪಾನನಿಷೇಧವಿದೆ, ಅತ್ತ ಹೋಗುವ ರೈಲಿನಲ್ಲಿ ವೈನ್ ಬಾಟಲಿ ಬೇಡವೇ ಬೇಡ. ಖರೀದಿಯ ಬಿಲ್ಲು ಬಾಟಲಿಯ ಜೊತೆಯಲ್ಲೇ ಇರಲಿ.

ವಿಮಾನ

ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಶಿವಮೊಗ್ಗದವರಿಗೆ ವಿಮಾನ ಹತ್ತಿರವಾಯಿತು, ಸೆಕ್ಯೂರಿಟಿಯವರ ಜೊತೆಗಿನ ವಾದವೂ ಹತ್ತಿರವಾಯಿತು. ವಾದ ತಪ್ಪಿಸಲು ಜೇನು, ಉಪ್ಪಿನಕಾಯಿ, ತುಪ್ಪ, ವೈನ್ ಎಲ್ಲವನ್ನೂ ಚೆಕ್-ಇನ್ ಬ್ಯಾಗಿಗೇ ಹಾಕಿ. ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ ಯಾವ ದ್ರವವೂ 100 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ಇರುವಂತಿಲ್ಲ, ಜೇನು, ಜೋನಿಬೆಲ್ಲ ಕೂಡ ದ್ರವದ ಲೆಕ್ಕಕ್ಕೇ ಬರುತ್ತವೆ. ಶೇ 24ಕ್ಕಿಂತ ಹೆಚ್ಚು, ಶೇ 70ರವರೆಗೆ ಆಲ್ಕೋಹಾಲ್ ಇರುವ ಮದ್ಯವನ್ನು ಅಂಗಡಿಯ ಸೀಲಿನೊಂದಿಗೆ ತಲಾ 5 ಲೀಟರ್‌ವರೆಗೆ ಒಯ್ಯಬಹುದು, ಅದಕ್ಕಿಂತ ಗಡುಸಾದ್ದನ್ನು ವಿಮಾನಕ್ಕೆ ಹತ್ತಿಸುವುದಿಲ್ಲ. ವೈನಿನಲ್ಲಿ ಸಾಮಾನ್ಯವಾಗಿ ಶೇ 12ರಿಂದ 14 ಇರುವುದರಿಂದ ಈ ಮಿತಿಗೆ ಅದು ಸಿಕ್ಕುವುದಿಲ್ಲ. ಬ್ಯಾಗಿನ ತೂಕ, ತಲುಪುವ ದೇಶದ ಕಸ್ಟಮ್ಸ್ ಮಿತಿಗಳೇ ಅದಕ್ಕೆ ಕಡಿವಾಣ.

ಅಮ್ಮಂದಿರು ಬಾಟಲಿಗಳ ಸಂದಿಗೆ ಮರೆಯದೆ ತುರುಕುವ ಒಣ ಕೊಬ್ಬರಿ ಗಿಟುಕನ್ನು ತೆಗೆದುಬಿಡಿ. ಅದರ ಎಣ್ಣೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಕೊಬ್ಬರಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಅದೊಂದಕ್ಕಾಗಿ ಕಟ್ಟಿದ್ದನ್ನೆಲ್ಲ ಬಿಚ್ಚಿಸುತ್ತಾರೆ.

ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿದಿರುತ್ತದೆ, ಲಗೇಜಿನ ಗೂಡಿನಲ್ಲೂ ಹಾಗೇ. ಬಾಟಲಿಯೊಳಗೆ ಮಾತ್ರ ಶಿವಮೊಗ್ಗದ ಒತ್ತಡವೇ ಉಳಿದಿರುತ್ತದೆ. ಒಳಗಿನ ಗಾಳಿ ಹೊರಬರಲು ದಾರಿ ಹುಡುಕುತ್ತದೆ, ಮಲಗಿದ ಬಾಟಲಿಯಲ್ಲಿ ಗಾಳಿಯ ಬದಲು ಎಣ್ಣೆಯೇ ಮುಂದೆ ಬಂದು ನಿಂತಿರುತ್ತದೆ. ಮನೆಯಲ್ಲಿ ಒಂದು ಹನಿ ಸೋರದ ಮುಚ್ಚಳ ವಿಮಾನದಲ್ಲಿ ಸೋರುವುದು ಹೀಗೆ. ತಲೆಕೆಳಗಿನ ಪರೀಕ್ಷೆಯಲ್ಲಿ ಪಾಸಾದ ಬಾಟಲಿಗೂ ಎರಡು ಕವರ್ ಹಾಕಲು ಹೇಳಿದ್ದು ಇದಕ್ಕೇ.

ಚೆಕ್-ಇನ್ ಕೌಂಟರಿನಲ್ಲಿ ಒಳಗೆ ಗಾಜಿದೆ ಎಂದರೆ ಒಂದು ಚೀಟಿ ಅಂಟಿಸುತ್ತಾರೆ, ಒಡೆದರೆ ನಾವು ಹೊಣೆಯಲ್ಲ ಎನ್ನುವುದಕ್ಕೆ ಸಹಿಯನ್ನೂ ಹಾಕಿಸಿಕೊಳ್ಳಬಹುದು. ಹಾಕಿ, ಬೇರೆ ದಾರಿಯಿಲ್ಲ. ತಲುಪುವ ದೇಶದ ನಿಯಮವನ್ನು ಮುಂಚೆಯೇ ನೋಡಿಕೊಳ್ಳಿ. ನ್ಯೂಜಿಲೆಂಡಿಗೆ ಜೇನು ಒಯ್ಯುವಂತಿಲ್ಲ, ಆಸ್ಟ್ರೇಲಿಯಾದಲ್ಲಿ ಫಾರ್ಮಿನಲ್ಲಿ ಬರೆದು ತೋರಿಸಲೇಬೇಕು. ಬರೆಯದೆ ಸಿಕ್ಕಿಬಿದ್ದರೆ ದಂಡ ಜೇನಿನ ಬೆಲೆಯದ್ದಲ್ಲ.

ಹಡಗು ಹತ್ತುವಾಗ

ಕ್ರೂಸ್ ಹತ್ತುವವರ ಲಗೇಜು ಎರಡು ದಾರಿಯಲ್ಲಿ ಹೋಗುತ್ತದೆ. ದೊಡ್ಡ ಸೂಟ್‌ಕೇಸನ್ನು ಬಂದರಿನಲ್ಲೇ ಹಮಾಲರ ಕೈಗೆ ಕೊಡಬೇಕು. ಅದು ಸ್ಕ್ಯಾನ್ ಆಗಿ, ಹತ್ತಾರು ಪೆಟ್ಟಿಗೆಗಳ ರಾಶಿಯಲ್ಲಿ ಬಿದ್ದೆದ್ದು ಸಂಜೆಯ ಹೊತ್ತಿಗೆ ಕ್ಯಾಬಿನ್ನಿನ ಬಾಗಿಲಿಗೆ ಬರುತ್ತದೆ. ಕೈಚೀಲ ನಿಮ್ಮ ಜೊತೆಗೇ ಇರುತ್ತದೆ. ವಿಮಾನದಲ್ಲಿ ಚೆಕ್-ಇನ್ ಆಗಿ ಬಂದ ವೈನನ್ನು ಬಂದರಿಗೆ ಹೊರಡುವ ಮೊದಲು ಹೋಟೆಲಿನಲ್ಲೇ ಕೈಚೀಲಕ್ಕೆ ಬದಲಾಯಿಸಿಕೊಳ್ಳಿ. ಹಡಗಿನ ಕಂಪನಿಗಳೂ ಅದನ್ನೇ ಕೇಳುತ್ತವೆ. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥ ದೊಡ್ಡ ಕಂಪನಿಗಳು ಹತ್ತುವ ದಿನ ಮಾತ್ರ, ವಯಸ್ಕರಿಗೆ ತಲಾ 750 ಮಿಲಿಯ ಒಂದು ಸೀಲಾದ ವೈನ್ ಬಾಟಲಿಯನ್ನು ಕೈಚೀಲದಲ್ಲಿ ಬಿಡುತ್ತವೆ. ವಿಸ್ಕಿ, ರಮ್ ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ. ಕಂಪನಿಯಿಂದ ಕಂಪನಿಗೆ ನಿಯಮ ಬೇರೆ, ಕಾಲಕ್ಕೆ ಬದಲಾಗುತ್ತದೆ ಕೂಡ. ಆದ್ದರಿಂದ ಟಿಕೆಟ್ಟಿನ ಜೊತೆ ಬರುವ ನಿಯಮಾವಳಿಯಲ್ಲಿ ಮದ್ಯದ ಭಾಗವನ್ನು ಓದಿಯೇ ಬಾಟಲಿ ಕೊಳ್ಳಿ.

ಮನೆಯಲ್ಲಿ ಮಾಡಿದ ಹಣ್ಣಿನ ವೈನ್ ಎಷ್ಟೇ ರುಚಿಯಿರಲಿ, ಲೇಬಲ್ಲು ಸೀಲು ಇಲ್ಲದ್ದನ್ನು ಹಡಗಿಗೆ ಒಯ್ಯಲು ಹೋಗಬೇಡಿ. ಉಪ್ಪಿನಕಾಯಿಯ ಗತಿಯೂ ಬಹುತೇಕ ಅದೇ. ಮನೆ ಅಡುಗೆಯನ್ನು ಹಡಗಿನವರು ಸಾಮಾನ್ಯವಾಗಿ ಬಿಡುವುದಿಲ್ಲ. ಮಿಡಿ ಬೇಕೇ ಬೇಕೆಂದರೆ ಸಾಗರ, ಶಿರಸಿ ಕಡೆ ಲೇಬಲ್ ಹಾಕಿ ಮಾರುವ ಕಾರ್ಖಾನೆಯ ಪೊಟ್ಟಣ ಒಯ್ದು ನೋಡಿ.

ಡೈನಿಂಗ್ ಹಾಲಿನಲ್ಲಿ ನಿಮ್ಮದೇ ಬಾಟಲಿ ತೆರೆಸಿದರೆ ಕಾರ್ಕೇಜ್ ಎಂದು ಶುಲ್ಕ ಹಾಕುವ ಕಂಪನಿಗಳಿವೆ, ಕ್ಯಾಬಿನ್ನಿನಲ್ಲಿ ಕುಡಿದರೆ ಎಷ್ಟೋ ಕಡೆ ಇಲ್ಲ. ಕ್ಯಾಬಿನ್ನಿನಲ್ಲಿ ಬಾಟಲಿಯನ್ನು ಮೇಜಿನ ಮೇಲೆ ನಿಲ್ಲಿಸಿಡಬೇಡಿ. ಸಮುದ್ರ ಕೆರಳಿದ ರಾತ್ರಿ ಅದು ತಾನಾಗಿ ಕೆಳಗಿಳಿಯುತ್ತದೆ. ಕಪಾಟಿನ ತಳದಲ್ಲಿ, ಸುತ್ತಿ ತಂದ ಅದೇ ಪಂಚೆಯಲ್ಲಿ, ಶೂಗಳ ನಡುವೆ ಮಲಗಿಸಿಡಿ.

ಬಬಲ್ ಶೀಟು, ಜಿಪ್ ಕವರುಗಳನ್ನು ಅಲ್ಲೇ ಬಿಸಾಡಬೇಡಿ. ದಾರಿಯ ಬಂದರುಗಳಲ್ಲಿ ಬಾಟಲಿ ಕೊಂಡರೆ ಹಡಗಿನವರು ತೆಗೆದಿಟ್ಟುಕೊಂಡು ಪ್ರಯಾಣ ಮುಗಿಯುವಾಗ ಕೊಡುತ್ತಾರೆ, ಊರಿಗೆ ಮತ್ತೆ ಕಟ್ಟಬೇಕಾಗುತ್ತದೆ. ವಿದೇಶದಿಂದ ಭಾರತಕ್ಕೆ ಮರಳುವಾಗ ವಯಸ್ಕರಿಗೆ ತಲಾ 2 ಲೀಟರ್‌ವರೆಗೆ ಮದ್ಯಕ್ಕೆ ಸುಂಕವಿಲ್ಲ. ಅಂದರೆ ದಂಪತಿಗೆ 750 ಮಿಲಿಯ ಐದು ಬಾಟಲಿ, ಮೇಲೆ ಸ್ವಲ್ಪ ಮಿಗುತ್ತದೆ.